ಕತ್ತು ಮುರಿಯುವ ಸದ್ದು

ಒದ್ದೆ ಟವೆಲಿನೊಳಗೆ ಎರಡು ಕ್ಯಾರೆಟ್ಟು, ಒಂದು ದೊಣ್ಣೆಮೆಣಸಿನಕಾಯಿ ಇಟ್ಟು ಬಿಗಿಯಾಗಿ ಸುತ್ತಬೇಕು. ಮೈಕಿನ ಹತ್ತಿರ ಹಿಡಿದು ಒಮ್ಮೆಗೇ ತಿರುಚಬೇಕು. ಲಟಕ್ ಅನ್ನುತ್ತದೆ. ಅದೇ ಮನುಷ್ಯನ ಕತ್ತು ಮುರಿಯುವ ಸದ್ದು. ನಿಜವಾದ ಕತ್ತು ಮುರಿದರೆ ಹೇಗೆ ಸದ್ದಾಗುತ್ತದೋ ಯಾರಿಗೆ ಗೊತ್ತು, ಮುರಿಸಿಕೊಂಡವರು ಯಾರೂ ಬಂದು ಹೇಳಿಲ್ಲ. ಆದರೆ ವಿಡಿಯೋ ಗೇಮ್ ಆಡುವವರಿಗೆ ಇದೇ ಬೇಕು.

"ಇನ್ನೊಂದ್ಸಲ," ಎಂದ ಗಾಜಿನ ಆಚೆ ಕೂತಿದ್ದ ಮೇಲಧಿಕಾರಿ.

ಸ್ಟುಡಿಯೋದಲ್ಲಿ ಅವನಿಗೆ ಎಲ್ಲರೂ ಇಟ್ಟ ಹೆಸರೇ ಇನ್ನೊಂದ್ಸಲ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದು ಇರಬೇಕು, ಅದನ್ನು ಕರೆದವರಿಲ್ಲ. ಮೈಕಿನ ಮುಂದೆ ನಿಂತಿದ್ದ ಅವಳು ಟವೆಲು ಬಿಚ್ಚಿದಳು, ಮುರಿದ ತುಂಡುಗಳನ್ನು ಬುಟ್ಟಿಗೆ ಹಾಕಿದಳು, ಹೊಸ ಕ್ಯಾರೆಟ್ಟು ತೆಗೆದುಕೊಂಡಳು.

ಸದ್ದು ಮಾಡುವುದು ಅವಳ ಕೆಲಸ. ಒಂದು ಕಾಲದಲ್ಲಿ ಅದನ್ನು ಪ್ರೀತಿಯಿಂದ ಮಾಡಿದವಳೇ. ತಟ್ಟೆಯ ಮೇಲೆ ಅಕ್ಕಿ ಸುರಿದು ಸಿನಿಮಾಗಳಿಗೆ ಮಳೆ ತರಿಸಿದ್ದಳು, ಹಳೇ ಚರ್ಮದ ಚೀಲ ಹಿಸುಕಿ ಕುದುರೆಯ ಜೀನು ಕಿರುಗುಟ್ಟಿಸಿದ್ದಳು. ಈಗ ನೋಡಿದರೆ ಬೆಳಗಿನಿಂದ ಸಂಜೆಯವರೆಗೆ ಕತ್ತು. ಬರೀ ಕತ್ತು.

ಆಟ ಯಾವುದೋ ಕಾಲದ ಯಾವುದೋ ಚಕ್ರವರ್ತಿಯ ಊರಿನದು. ಮುಸುಕು ಹಾಕಿದ ಒಬ್ಬ ಮಹಾನುಭಾವ ಗೋಡೆ ಹತ್ತುತ್ತಾನೆ, ಗೋಪುರದ ತುದಿಯಲ್ಲಿ ಕೂತು ಊರು ನೋಡುತ್ತಾನೆ, ಕೆಳಗಿನ ಹುಲ್ಲಿನ ರಾಶಿಗೆ ಧುಮುಕುತ್ತಾನೆ. ಕಾವಲುಗಾರನ ಬೆನ್ನ ಹಿಂದೆ ಕಳ್ಳಬೆಕ್ಕಿನ ಹಾಗೆ ಬಂದು ಕತ್ತು ಮುರಿಯುತ್ತಾನೆ, ಹೆಣವನ್ನು ಅದೇ ಹುಲ್ಲಿಗೆ ಎಳೆದು ಹಾಕುತ್ತಾನೆ. ಇನ್ನೊಬ್ಬ ಕಾವಲುಗಾರ ಬರುತ್ತಾನೆ, "ಯಾರದು?" ಅನ್ನುತ್ತಾನೆ. ಹುಲ್ಲಿನಿಂದ ಗೆಳೆಯನ ಕಾಲು ಹೊರಗೆ ಚಾಚಿಕೊಂಡಿದ್ದರೂ "ಏನೋ, ಗಾಳಿ ಇರಬೇಕು" ಎಂದು ತಿರುಗಿ ನಿಲ್ಲುತ್ತಾನೆ. ಅವನದೂ ಲಟಕ್. ಮುಂದಿನ ಬೀದಿಯಲ್ಲೂ ಗೋಡೆ, ಗೋಪುರ, ಹುಲ್ಲು, ಲಟಕ್. ಆಟದ ಎರಡನೇ ಭಾಗ ಬಂತು, ಮೂರನೇದು ಬಂತು, ಚಕ್ರವರ್ತಿ ಬದಲಾದ, ಹುಲ್ಲಿನ ರಾಶಿ ಮಾತ್ರ ಅಲ್ಲೇ ಇದೆ. ಥೂ! ಹಾಡಿದ್ದೇ ಹಾಡೋ ಕಿಸಬಾಯಿದಾಸನಿಗಾದರೂ ಒಂದು ದಿನ ಗಂಟಲು ಕಟ್ಟೀತು, ಈ ಮುಸುಕಿನವನಿಗೆ ಕೈ ನೋಯುವುದೇ ಇಲ್ಲ.

ಆಡುವವರೂ ಬೈದಿದ್ದರು, ಮಾಡಿದ್ದನ್ನೇ ಎಷ್ಟು ಮಾಡಿಸುತ್ತೀರಿ ಎಂದು. ಅದಕ್ಕೆ ಇನ್ನೊಂದ್ಸಲ ಕಂಡುಕೊಂಡ ಪರಿಹಾರ ಕೇಳಿ.

"ಆಟ ಬದಲಾಯಿಸೋಕೆ ಈಗ ಟೈಮಿಲ್ಲ. ಸದ್ದು ಬದಲಾಯಿಸೋಣ. ದಪ್ಪಗಿರೋನ ಕತ್ತು ಬೇರೆ, ಸಣಕಲನ ಕತ್ತು ಬೇರೆ, ವಯಸ್ಸಾದವನದು ಬೇರೆ. ಪ್ರತಿ ಸಲಾನೂ ಹೊಸದಾಗಿ ಸಾಯಿಸ್ದೆ ಅನ್ನಿಸ್ಬೇಕು. ಸ್ವಲ್ಪ ಒದ್ದೆಯಾಗಿರ್ಲಿ."

ಎಂಥಾ ಬುದ್ಧಿ ನೋಡಿ! ಹಳಸಿದ ಅಡುಗೆಗೆ ತಟ್ಟೆ ಬದಲಾಯಿಸಿದರಂತೆ. ಅವಳಿಗೆ ಮುಖ ಸಿಂಡರಿಸುವಷ್ಟು ಅಸಹ್ಯವಾಯಿತು, ಆದರೆ ಬಡವರ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನಾದಳು. ಹೀಗೆ ಚೂರಿ ಇರಿತಕ್ಕೆ ಎಲೆಕೋಸು, ತಲೆಬುರುಡೆಗೆ ಕುಂಬಳಕಾಯಿ, ಸಣಕಲರಿಗೆ ಬೀನ್ಸು, ದಪ್ಪನೆಯವರಿಗೆ ಮೂಲಂಗಿ ಬಂದವು.

ಸಂಜೆಗೆ ಬುಟ್ಟಿ ತುಂಬುತ್ತಿತ್ತು. ಒಳ್ಳೆಯ ತರಕಾರಿ, ಮುರಿದಿದೆ ಅಷ್ಟೆ. ಕಸಕ್ಕೆ ಎಸೆಯಲು ಮನಸ್ಸು ಬಾರದೆ ಅವಳು ಮೊದಲ ದಿನವೇ ಬುಟ್ಟಿಯನ್ನು ಮನೆಗೆ ಒಯ್ದಳು, ಆಮೇಲೆ ಅದೇ ರೂಢಿಯಾಯಿತು. ಅತ್ತೆಗೆ ಹಿಗ್ಗೋ ಹಿಗ್ಗು.

"ಮುರಿದೇ ಕೊಡ್ತಾರಾ? ಹೆಚ್ಚೋ ಕೆಲಸಾನೂ ಉಳೀತಲ್ಲೇ! ಇಂಥ ಆಫೀಸು ಎಲ್ಲಿ ಸಿಗತ್ತೆ?"

ಯಾಕೆ ಮುರಿದಿದೆ ಎಂದು ಅವಳು ಹೇಳಲಿಲ್ಲ. ಹೇಳಿದರೆ ಆ ಮುದುಕಿಗೆ ಊಟ ಸೇರೀತೇ? ಆಟಕ್ಕೆ ಸದ್ದು ಮಾಡುತ್ತೇನೆ ಎಂದಿದ್ದಳು. ಅತ್ತೆಯ ತಲೆಯಲ್ಲಿ ಆಟವೆಂದರೆ ಗೋಲಿ, ಚೆಂಡು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವಳಿಗೆ ಬಾಯಿಯೂ ಕೆಸರಾಯಿತು. ತಟ್ಟೆಯ ಮುಂದೆ ಕೂತರೆ ಬೆಳಿಗ್ಗೆ ಸತ್ತವನ ಕತ್ತು ಸಂಜೆ ಬೆಂದು ಬಂದಿದೆ. ಪಕ್ಕದಲ್ಲಿ ಗಂಡ ಹಸಿ ಕ್ಯಾರೆಟ್ಟು ಕಚ್ಚಿದರೆ ಲಟಕ್. ಅವಳ ಕಿವಿ ಅಂಥದು, ಅದಕ್ಕೇ ಸಂಬಳ ಕೊಡುತ್ತಿದ್ದರು, ಮನೆಗೆ ಬಂದ ಮೇಲೆ ಅದನ್ನು ಮುಚ್ಚಿಡುವುದು ಹೇಗೆ? ಮೊದಮೊದಲು ನೀರು ಕುಡಿದು ನುಂಗಿದಳು. ಒಂದು ಸಂಜೆ ಅತ್ತೆ ತಟ್ಟೆಗೆ ಬಡಿಸಿದ ಕೂಡಲೆ ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೋದಳು. ಮರುದಿನ "ಹಸಿವಿಲ್ಲ" ಎಂದಳು, ಅದರ ಮರುದಿನ "ಹೊರಗೆ ತಿಂದ್ಕೊಂಡ್ ಬಂದೆ" ಎಂದಳು.

ಹೊರಗೆ ತಿಂದು ಬಂದೆ! ಆ ಮನೆಯಲ್ಲಿ ಆಡಬಾರದ ಮಾತು ಅದೊಂದೇ ಆಗಿತ್ತು.

ಯಾಕೆಂದರೆ ಅತ್ತೆಯ ಎರಡೂ ಕೈ ಮೊಣಕೈವರೆಗೆ ಒಣಗಿ, ಬಿರಿದು, ಬಿಳಿ ಹೊಟ್ಟು ಏಳುತ್ತಿದ್ದವು. ಚಿಕ್ಕ ವಯಸ್ಸಿನಿಂದ ಹಾಗೆ. ಅಂಟುರೋಗ ಅಲ್ಲ ಎಂದು ಡಾಕ್ಟರು ಹೇಳಿದ್ದರು, ಆದರೆ ಜನರ ಮುಖಕ್ಕೆ ಡಾಕ್ಟರ ಚೀಟಿ ಅಂಟಿಸಲಾದೀತೇ? ಅವರು ಬಡಿಸಲು ಬಂದರೆ ನೆಂಟರಿಗೆ ಥಟ್ಟನೆ ಹೊಟ್ಟೆ ತುಂಬುತ್ತಿತ್ತು. ಅವರ ನಾದಿನಿಯರು ಬರುವಾಗಲೇ ಹೊರಗೆ ತಿಂದು ಬರುತ್ತಿದ್ದರು. ಸೊಸೆಯಾಗಿ ಬಂದ ದಿನ ಇವಳು ಮಾತ್ರ ತಟ್ಟೆ ಮುಂದೆ ಚಾಚಿ, "ಅತ್ತೆ, ಮೊದಲ ತುತ್ತು ನೀವೇ ಬಾಯಿಗೆ ಹಾಕಿ" ಎಂದಿದ್ದಳು. ಅತ್ತೆ ಅವತ್ತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಬೀದಿಯಲ್ಲಿ ಯಾರು ಸಿಕ್ಕರೂ, "ನಮ್ಮ ಮನೆಗೆ ಸೊಸೆ ಬಂದಿಲ್ಲ, ಮಗಳು ಬಂದಿದಾಳೆ" ಎನ್ನುತ್ತಿದ್ದರು.

ಅಂಥವಳು ಈಗ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ನಿಂಗೂ ಅಮ್ಮಂಗೂ ಏನಾಯ್ತೇ?" ಎಂದ ಗಂಡ. ಬಸ್ ಓಡಿಸುವವನು, ಮನೆಯಲ್ಲಿ ಮಾತ್ರ ಯಾವ ಕಡೆ ತಿರುಗಿಸಬೇಕೆಂದು ತಿಳಿಯುತ್ತಿರಲಿಲ್ಲ. "ಕೇಳಿದ್ರೆ ಏನಿಲ್ಲ ಅಂತಾರೆ, ಅಡುಗೆಮನೆಗೆ ಹೋಗಿ ಅಳ್ತಾರೆ."

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಗೆ ಹೋದಾಗ ಅತ್ತೆ ಎಲೆಕೋಸು ಬಿಡಿಸುತ್ತಿದ್ದರು. ಎರಡೂ ಕೈಗೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲೌಸು. ಒಳಗೆ ಬೆವರಿ, ಬಿರುಕುಗಳು ಉರಿದು, ಮಣಿಕಟ್ಟಿನ ಹತ್ತಿರ ರಕ್ತ ಜಿನುಗಿ ರಬ್ಬರಿಗೆ ಅಂಟಿತ್ತು.

"ಅತ್ತೆ, ಇದೇನಿದು?"

"ಏನಿಲ್ಲಮ್ಮ. ಹೀಗೆ ಮಾಡಿದ್ರೆ ನೀನೂ ಎರಡು ತುತ್ತು ತಿಂತೀಯೇನೋ ಅಂತ." ಅತ್ತೆ ತಲೆ ಎತ್ತಲಿಲ್ಲ. "ನಂಗೇನು, ಅಭ್ಯಾಸ ಇದೆ. ಬೇರೆಯವ್ರೆಲ್ಲ ಮೊದಲ್ನೇ ದಿನವೇ ಮಾಡಿದ್ರು, ನೀನು ಇಷ್ಟು ವರ್ಷ ತಡ್ಕೊಂಡೆ. ಅದೇ ದೊಡ್ಡದು."

ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು. ಕತ್ತು ಮುರಿಯುವ ಆ ಕೊಳಕು ಆಟವನ್ನು ಮನೆಯವರೆಗೆ ಹೊತ್ತು ತಂದವಳು ತಾನು, ತಪ್ಪು ಹೊತ್ತಿದ್ದು ಈ ಕೈ. ಬಾಯಲ್ಲಿ ಹೇಳಿದರೆ ಅತ್ತೆ ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಳ್ಳುತ್ತಾರೆ. ನೆಂಟರು ಹೇಳಿದ ಅಂಥ ಸುಳ್ಳುಗಳನ್ನು ಅವರು ಬೇಕಾದಷ್ಟು ಕೇಳಿದ್ದರು.

"ಹೊರಡಿ ಅತ್ತೆ. ನನ್ನ ಕೆಲಸ ಏನು ಅಂತ ನೋಡೋರಂತೆ."

ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಅಂಟಿಸಿತ್ತು. ಅತ್ತೆ ಗ್ಲೌಸು ತೆಗೆಯದೆ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತರು. ಪರದೆಯ ಮೇಲೆ ಮುಸುಕಿನವನು ಹುಲ್ಲಿನಿಂದ ಎದ್ದ. ಅವಳು ಟವೆಲು ತಿರುಚಿದಳು. ಲಟಕ್. ಕಾವಲುಗಾರ ಬಿದ್ದ.

"ಇನ್ನೊಂದ್ಸಲ."

ಲಟಕ್. ಮತ್ತೆ ಅದೇ ಕಾವಲುಗಾರ, ಹಾಗೇ ಬಿದ್ದ. ಅವಳು ಟವೆಲು ಬಿಚ್ಚಿ ಮುರಿದ ತುಂಡುಗಳನ್ನು ಬುಟ್ಟಿಗೆ ಹಾಕುವುದನ್ನು ಅತ್ತೆ ನೋಡಿದರು. ಬುಟ್ಟಿಯ ಗುರುತು ಹತ್ತಿತು.

"ಅಯ್ಯೋ ನಿನ್ನ! ದಿನಾ ನಾನು ಬೇಯ್ಸಿದ್ದು ಇದನ್ನಾ?"

"ಹೂಂ ಅತ್ತೆ. ತಟ್ಟೆ ನೋಡಿದ್ರೆ ನಂಗೆ ಇವರೇ ಕಾಣ್ತಿದ್ರು. ನಿಮ್ಮ ಕೈ ಅಲ್ಲ. ದೇವ್ರಾಣೆ ನಿಮ್ಮ ಕೈ ಅಲ್ಲ."

ಅತ್ತೆ ಪರದೆ ನೋಡಿದರು, ಬುಟ್ಟಿ ನೋಡಿದರು. "ಥೂ, ಅವನ ಕೈ ಸೇದಿಹೋಗ!" ಎಂದು ಮುಸುಕಿನವನಿಗೆ ಶಾಪ ಹಾಕಿದರು. "ಬೆನ್ನ ಹಿಂದಿಂದ ಬರ್ತಾನಲ್ಲ, ನಾಚಿಕೆಗೆಟ್ಟೋನು! ಆ ಇನ್ನೊಬ್ಬನಿಗಾದ್ರೂ ಕಣ್ಣು ಕಾಣಲ್ವಾ, ಕಾಲು ಹೊರಗಿದೆ!" ಹಾಗೆ ಬೈಯುತ್ತಲೇ ಗ್ಲೌಸು ಕಿತ್ತು ಪಕ್ಕಕ್ಕಿಟ್ಟು, ಉರಿಯುತ್ತಿದ್ದ ಅಂಗೈಗಳನ್ನು ಒಂದಕ್ಕೊಂದು ತಿಕ್ಕಿಕೊಂಡರು.

ಮೈಕು ತೆರೆದೇ ಇತ್ತು. ಗಾಜಿನ ಆಚೆ ಇನ್ನೊಂದ್ಸಲ ಕುರ್ಚಿಯಿಂದ ಎದ್ದು ನಿಂತ.

"ಅದೇನು ಸದ್ದು? ಯಾರು ಮಾಡಿದ್ದು? ಅಮ್ಮ, ನೀವಾ? ಬನ್ನಿ ಬನ್ನಿ, ಮೈಕ್ ಹತ್ರ ಬನ್ನಿ. ನಿಮ್ಮ ಕೈ ಅದ್ಭುತವಾಗಿದೆ!"

ಆ ಕೈಗಳ ಬಗ್ಗೆ ಹುಟ್ಟಿದಂದಿನಿಂದ ಯಾರೂ ಆಡದ ಮಾತು ಅದು. ಅತ್ತೆ ನಂಬಲಾರದೆ ಸೊಸೆಯ ಮುಖ ನೋಡಿದರು. "ನನ್ನ ಕೈಯಾ?" ಎಂದರು. ಮುಖ ಅರಳಿತ್ತು. ಎದ್ದು ಹೋಗಿ, ಮೈಕಿನ ಮುಂದೆ ಎರಡೂ ಅಂಗೈ ತಿಕ್ಕಿದರು, ಸರ ಸರ ಸರ.

"ಇನ್ನೊಂದ್ಸಲ, ಅಮ್ಮ!"

ಮತ್ತೆ ತಿಕ್ಕಿದರು. ನಾಚಿಕೊಂಡು ನಕ್ಕರು. "ಎಲ್ಲಿ ಹಾಕ್ತೀರಪ್ಪಾ ಇದನ್ನ?"

ಅವನು ಹೇಳುತ್ತಾನೆಂದು ಅವಳಿಗೆ ಗೊತ್ತಾಯಿತು. ತಡೆಯುವಷ್ಟರಲ್ಲಿ ಹೇಳಿಯೇಬಿಟ್ಟ, ಸಿಹಿ ಹಂಚುವವನಂತೆ ಹೇಳಿದ:

"ಚಕ್ರವರ್ತಿಯ ನೆಲಮಾಳಿಗೆ ಇದೆ, ಅಲ್ಲಿ ಕೈದಿಯ ಚರ್ಮ ಸುಲೀತಾರೆ. ಎಷ್ಟು ದಿನದಿಂದ ಆ ಸದ್ದು ಹುಡುಕ್ತಿದ್ದೆ! ಕೇಳಿದ ತಕ್ಷಣ ಜನಕ್ಕೆ ವಾಂತಿ ಬರೋ ಹಾಗಿರ್ಬೇಕು. ಕರೆಕ್ಟಾಗಿ ಅದೇ!"

ಅತ್ತೆಯ ಕೈ ನಿಂತಿತು. ನಗು ಸ್ವಲ್ಪ ಹೊತ್ತು ಮುಖದ ಮೇಲೇ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ. ಆಮೇಲೆ ಸ್ಟೂಲಿನ ಹತ್ತಿರ ವಾಪಸ್ಸು ಬಂದು ಗ್ಲೌಸಿಗೆ ಕೈ ಹಾಕಿದರು.

ಅವಳು ಅದನ್ನು ಕಿತ್ತುಕೊಂಡು ಮುರಿದ ಎಲೆಕೋಸಿನ ಮೇಲೆ ಎಸೆದಳು. ಮೇಜಿನ ಮೇಲೆ ಇನ್ನೂ ಮುರಿಯದ ಒಂದು ಕ್ಯಾರೆಟ್ಟಿತ್ತು. ಅದನ್ನು ಅತ್ತೆಯ ಕೈಗೆ ಇಟ್ಟಳು.

"ಬಾಯಿಗೆ ಹಾಕಿ ಅತ್ತೆ."

"ಬೇಡ ಬಿಡೇ. ಇಲ್ಲಿ..."

"ಇಲ್ಲೇ. ಹಾಕಿ ಅಂದ್ರೆ ಹಾಕಿ."

ಅತ್ತೆಯ ಕೈ ಮೇಲೆ ಬಂತು. ಅವಳು ಕಚ್ಚಿದಳು. ಲಟಕ್. ಕಣ್ಣಲ್ಲಿ ನೀರು ತುಂಬಿತು, ಹಾಳು ಕಾವಲುಗಾರರೆಲ್ಲ ನಾಲಿಗೆಯ ಮೇಲೆ ಸಾಲಾಗಿ ಬಿದ್ದರು. ಅಗಿದಳು. ನುಂಗಿದಳು. ಬೆರಳ ತುದಿಯ ಒರಟು ಅವಳ ತುಟಿಗೆ ತಾಗಿತು, ಅದೊಂದು ಮಾತ್ರ ಅಸಹ್ಯವಾಗಲಿಲ್ಲ.

"ಸೂಪರ್!" ಎಂದು ಸ್ಪೀಕರಿನಲ್ಲಿ ಕಿರುಚಿದ ಇನ್ನೊಂದ್ಸಲ. "ಆ ಕಚ್ಚಿದ ಸದ್ದು! ಅದು ಹೆಂಗಸಿನ ಕತ್ತು! ಅದನ್ನೇ ಇನ್ನೊಂದ್ಸಲ!"

ಅವಳು ಮೈಕಿನ ವೈರು ಹಿಡಿದು ಗೋಡೆಯಿಂದ ಕಿತ್ತಳು. ಸ್ಪೀಕರಿನದನ್ನೂ ಕಿತ್ತಳು. ಇನ್ನು ನಾಳೆಯಿಂದ ಕೆಲಸವಿಲ್ಲ ಎಂಬುದು ಕೈ ಎಳೆಯುವಾಗಲೇ ಗೊತ್ತಿತ್ತು, ಗೊತ್ತಿದ್ದೇ ಎಳೆದಳು. ಗಾಜಿನ ಆಚೆ ಅವನು ಗಾಜು ಬಡಿಯುತ್ತಿದ್ದ, ಬಾಯಿ ಆಡುತ್ತಿತ್ತು. ಏನನ್ನುತ್ತಿದ್ದಾನೆಂದು ಕೇಳಿಸದಿದ್ದರೂ ಇಬ್ಬರಿಗೂ ಗೊತ್ತಾಗುತ್ತಿತ್ತು.

ಅವಳು ಅವನಿಗೆ ಬೆನ್ನು ತಿರುಗಿಸಿ ನೆಲದ ಮೇಲೆ ಅತ್ತೆಯ ಎದುರು ಕೂತು ಬಾಯಿ ತೆರೆದಳು.

"ಇನ್ನೊಂದು ತುತ್ತು ಕೊಡಿ, ಅತ್ತೆ."

ಅತ್ತೆ ಕೊಟ್ಟರು. ಅವಳು ಕಣ್ಣು ಮುಚ್ಚಿ, ಕಷ್ಟಪಟ್ಟು ಅಗಿಯುವುದನ್ನು ನೋಡುತ್ತ ಅವಳ ಗಲ್ಲದ ನೀರನ್ನು ಬರಿ ಅಂಗೈಯಿಂದ ಒರೆಸಿದರು.

"ಹಸೀದು ಬೇಡ್ವೇ," ಎಂದರು ಮೆಲ್ಲಗೆ. "ಮನೆಗೆ ನಡಿ, ಬೇಯ್ಸಿ ಕೊಡ್ತೀನಿ. ದಾರೀಲಿ ಬೇರೆ ತರಕಾರಿ ತಗೊಳ್ಳೋಣ."