ಹೊರಗೆ ಹೋಗ್ಬೇಕು

ಪಾಳಿ ಮುಗಿಸಿ ಬಸ್ಸಿನ ಧೂಳನ್ನೂ ಕೊಡವದೆ ಆಸ್ಪತ್ರೆಗೆ ಓಡಿಬಂದ ಕಂಡಕ್ಟರಮ್ಮ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ನ್ಯುಮೋನಿಯಾ ಎಂದು ಸೇರಿಸಿದ್ದ ಅವಳ ಅಮ್ಮನ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಅಯ್ಯೋ, ಕಳ್ಳಿಯನ್ನು ಹಿಡಿದು ಕಟ್ಟಿದ ಹಾಗೆ!

“ಯಾರ್ರೀ ಕಟ್ಟಿದ್ದು?”

ಎಳೆಯ ನರ್ಸು ಓಡಿಬಂದಳು. “ಮೆಲ್ಲಗೆ ಮಾತಾಡಿ ಅಕ್ಕಾ. ಅಜ್ಜಿಗೆ ಜ್ವರ ತಲೆಗೇರಿದೆ. ಬೆಳಗ್ಗೆಯಿಂದ ‘ಹೊರಗೆ ಹೋಗ್ಬೇಕು, ಹೊರಗೆ ಹೋಗ್ಬೇಕು’ ಅಂತ ಒಂದೇ ಹಠ. ವಾಸಿ ಆಗ್ಲಿ, ಆಮೇಲೆ ಹೋಗೋಣ ಅಂದ್ರೂ ಕೇಳದೆ ಮಂಚ ಇಳಿಯೋಕೆ ನೋಡಿದ್ರು. ಬಿದ್ರೆ ಯಾರು ಹೊಣೆ? ಭೇದಿ ಬೇರೆ, ಹಿಡಿತಾನೇ ಇಲ್ಲ. ಅದಕ್ಕೇ ಡೈಪರ್ ಹಾಕಿದೀವಿ.”

ಮಗಳು ಹೊದಿಕೆ ಎತ್ತಿ ನೋಡಿದಳು. ಡೈಪರು ತುಂಬಿ ಬೆನ್ನಿನ ತನಕ ಹರಿದಿತ್ತು. ತೊಡೆಸಂದು ಸುಟ್ಟ ಹಾಗೆ ಕೆಂಪಾಗಿ, ಚರ್ಮ ಕಿತ್ತುಬಂದಿತ್ತು. ಅವಳ ಪಿತ್ತ ನೆತ್ತಿಗೇರಿತು.

“ಹೊರಗೆ ಅಂದ್ರೆ ಪೇಟೆ ಸುತ್ತೋಕಾ ತಾಯಿ? ಕಕ್ಕಸಿಗೆ ಕಣಮ್ಮ, ಕಕ್ಕಸಿಗೆ! ನಮ್ಮಮ್ಮ ಹುಟ್ಟಿದಾಗ್ನಿಂದ ಆ ಮಾತನ್ನ ಹಂಗೇ ಮರೆಮಾಡಿ ಹೇಳೋದು. ಹಿಡಿತ ಇದ್ದಿದ್ದಕ್ಕೇ ಅಲ್ವಾ ಕೂಗಿ ಕರೆದಿದ್ದು? ಒಂದು ಬೆಡ್‌ಪ್ಯಾನ್ ಕೊಡೋ ಬದಲು ಹುಚ್ಚಿ ಅಂತ ಕಟ್ಟಿಹಾಕಿದ್ರಲ್ಲ, ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ!”

ನರ್ಸಿನ ಮುಖ ಬಿಳುಚಿತು. “ನಮ್ಮನೇಲಿ ಟಾಯ್ಲೆಟ್ ಅಂತೀವಿ ಅಕ್ಕಾ, ನನಗೆ ಹೊಳೀಲೇ ಇಲ್ಲ. ಇಡೀ ವಾರ್ಡಿಗೆ ಇರೋದು ನಾನೊಬ್ಳೇ.”

ಒಬ್ಬಳೇ ಇರುವುದು ನಿಜ. ಒಬ್ಬಳನ್ನೇ ಇಟ್ಟವರು ಮೇಲಿನ ಮಹಡಿಯಲ್ಲಿ ತಣ್ಣಗೆ ಕೂತಿರುವುದೂ ನಿಜ. ಅವರಿಗೂ ಒಂದು ದಿನ ಡೈಪರು ಕಟ್ಟಿ ಮಲಗಿಸಿದರೆ ಗೊತ್ತಾದೀತು! ಆದರೂ, “ಎಲ್ಲಿಗೆ ಹೋಗ್ಬೇಕು ಅಜ್ಜಿ?” ಎಂದು ಒಂದು ಮಾತು ಕೇಳುವುದಕ್ಕೆ ಎಷ್ಟು ಜನ ಬೇಕು?

ಇಬ್ಬರೂ ಸೇರಿ ಗಂಟು ಬಿಚ್ಚಿದರು. ಉಗುರುಬೆಚ್ಚಗಿನ ನೀರಿನಲ್ಲಿ ಮೆದು ಬಟ್ಟೆ ಅದ್ದಿ, ಉಜ್ಜದೆ, ಒತ್ತಿ ಒತ್ತಿ ಒರೆಸಿದರು. ನರ್ಸು ಮುಲಾಮು ಹಚ್ಚಿದಳು. ಅಮ್ಮ ನಡುನಡುವೆ “ನಿನ್ನ ಕೈಯೆಲ್ಲಾ ಗಲೀಜು ಮಾಡ್ದೆ, ತಪ್ಪಾಯ್ತು ಕಣಮ್ಮ” ಎಂದು ಆ ನರ್ಸಿನ ಕ್ಷಮೆಯನ್ನೇ ಕೇಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅಮ್ಮನ ಹೊಟ್ಟೆ ಗುಡುಗುಟ್ಟಿತು. ಅವಳು ತುಟಿ ಕಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

“ಹೊರಗೆ ಹೋಗ್ಬೇಕಾ ಅಮ್ಮ? ಬಾಯಿಬಿಟ್ಟು ಹೇಳ್ಬಾರ್ದಾ?”

ಅಮ್ಮ ಎರಡೂ ಕೈಗಳನ್ನು ಹೊದಿಕೆಯೊಳಗೆ ಅಡಗಿಸಿಕೊಂಡಳು.

“ಹೇಳಿದ್ರೆ ಮತ್ತೆ ಕಟ್ಟಲ್ಲ ತಾನೇ?”