ಜಗಲಿ ಪುಸ್ತಕ

ನನ್ನ ಹತ್ತಿರ ಒಂದು ಪುಸ್ತಕವಿತ್ತು. ಕೆಂಪು ಬಟ್ಟೆಯ ರಟ್ಟು, ಮೂಲೆಯಲ್ಲಿ ಎಣ್ಣೆಯ ಕಲೆ, ಕೋಟಿನ ಒಳಜೇಬಿಗೆ ಸರಿಯಾಗಿ ಕೂರುವ ಅಳತೆ. ಅದನ್ನು ನನ್ನ ಹೆಂಡತಿ ಮಹದೇವಮ್ಮನಿಗೂ ಮುಟ್ಟಗೊಡುತ್ತಿರಲಿಲ್ಲ.

ಮದ್ದೂರಿನಲ್ಲಿ ಹಳ್ಳಿ ಹುಡುಗರಿಗಾಗಿ ನಡೆಯುತ್ತಿದ್ದ ಒಂದು ವಿದ್ಯಾರ್ಥಿನಿಲಯಕ್ಕೆ ನಾನು ಗುಮಾಸ್ತ. ಹೆಸರಿಗೆ ಗುಮಾಸ್ತ ಶಿವಯ್ಯ, ಕೆಲಸ ಮಾತ್ರ ಊರೂರು ತಿರುಗಿ ದಾನ ಕೇಳುವುದು. ಭತ್ತ, ರಾಗಿ, ಸೌದೆ, ತೊಲೆ, ಹಳೆಯ ಚಾಪೆ, ಏನು ಕೊಟ್ಟರೂ ಕಣ್ಣಿಗೊತ್ತಿಕೊಂಡು ತರುತ್ತಿದ್ದೆ. ಯಾವ ಊರಿನ ಯಾವ ಯಜಮಾನರ ಜಗಲಿಯ ಮೇಲೆ ಎಲ್ಲಿ ಕೂರಬೇಕು, ಯಾವ ಮಾತು ಮೊದಲು ಎತ್ತಬೇಕು, ಯಾವುದನ್ನು ಎತ್ತಲೇಬಾರದು, ಎಲ್ಲವೂ ಆ ಪುಸ್ತಕದಲ್ಲಿತ್ತು. ‘ಕೊಪ್ಪದ ರಾಮಲಿಂಗಯ್ಯ: ಎತ್ತುಗಳನ್ನು ಹೊಗಳಿಯೇ ಶುರು ಮಾಡಬೇಕು. ಮನುಷ್ಯ ಸಿಡುಕ.’ ‘ಕರಿಸಿದ್ದಯ್ಯ: ಸೋಮವಾರ ಹೋಗಬಾರದು, ಉಪವಾಸ.’ ಎಂಟು ವರ್ಷ ಬಿಸಿಲಲ್ಲಿ ಸುತ್ತಿ ಬರೆದದ್ದು. ಅದು ನನ್ನ ಆಸ್ತಿ, ಯಾರಿಗೂ ಯಾಕೆ ತೋರಿಸಲಿ?

ಮಂಡ್ಯ ಜಿಲ್ಲೆಯಾದ ಮರುವರ್ಷ, ಮಾಘ ಮಾಸದ ಒಂದು ಬೆಳಿಗ್ಗೆ ಕೊಪ್ಪದಲ್ಲಿ ರಾಮಲಿಂಗಯ್ಯನವರ ಜಗಲಿ ಹತ್ತಿದರೆ, ಅಲ್ಲಿ ಮಂಡ್ಯದ ಪುಟ್ಟರಾಜು ಆಗಲೇ ಕಾಲುಮೇಲೆ ಕಾಲು ಹಾಕಿ ಕೂತಿದ್ದ. ಮಂಡ್ಯದಲ್ಲಿ ಹೊಸ ಹೈಸ್ಕೂಲು ಕಟ್ಟಿಸಲು ಹೊರಟಿದ್ದ ಒಂದು ಸಮಿತಿಗೆ ಅವನು ನನ್ನಂತೆಯೇ ದಾನ ಎತ್ತುವವನು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು, ಇಸ್ತ್ರಿ ಕೋಟು, ನನ್ನದಕ್ಕಿಂತ ದಪ್ಪನೆಯ ಪುಸ್ತಕ. ನನಗೆ ಮೈ ಉರಿಯಿತು. ನಾನು ಎತ್ತುಗಳನ್ನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಛತ್ರಿ ಮಡಿಸುತ್ತ ಮೂರನೆಯವರೊಬ್ಬರು ಬಂದರು. ಮಳವಳ್ಳಿಯಲ್ಲಿ ಹೆಣ್ಣುಮಕ್ಕಳ ಕ್ಲಾಸು ನಡೆಸುತ್ತಿದ್ದ ಹೊಂಬಾಳಮ್ಮ. ಅವರ ಅಣ್ಣ ಹತ್ತಿರದ ಬ್ಲಫ್ ಎಂಬ ಊರಿನ ಕರೆಂಟು ಆಫೀಸಿನಲ್ಲಿ ನೌಕರ, ಆತನ ಒತ್ತಾಸೆಯಿಂದ ಓದಿ ಉಪಾಧ್ಯಾಯಿನಿಯಾಗಿದ್ದ ಹೆಂಗಸು.

ಮೂವರನ್ನೂ ಒಟ್ಟಿಗೆ ಕಂಡ ರಾಮಲಿಂಗಯ್ಯನವರು ಎದ್ದು ನಿಂತರು.

"ಇದೇನ್ರಯ್ಯಾ, ಒಬ್ಬೊಬ್ರೇ ಬತ್ತಿದ್ದೋರು ಇವತ್ತು ಗುಂಪು ಕಟ್ಕಂಡು ಬಂದಿದ್ದೀರಿ? ಯಾರ್ಗೆ ಅಂತ ಕೊಡನ? ಮೂರೂ ಜನ ಕೂತ್ಕಂಡು ಒಂದು ಮಾತಾಡ್ಕಳಿ. ಅಲ್ಲೀಗಂಟ ನನ್ ಕಣಜದಿಂದ ಒಂದು ಕಾಳೂ ಇಲ್ಲ. ಓಗಿ, ಓಗಿ."

ಬೀದಿಯ ಹೊಂಗೆ ಮರದ ಕೆಳಗೆ ನಾನೂ ಪುಟ್ಟರಾಜುವೂ ಒಬ್ಬರನ್ನೊಬ್ಬರು ಬೈದುಕೊಂಡೆವು. ಹೊಂಬಾಳಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ, "ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಮೂವರೂ ಒಂದು ಕಡೆ ಕೂರೋಣ. ನಿಮ್ಮ ನಿಮ್ಮ ಪುಸ್ತಕ ತನ್ನಿ," ಎಂದರು.

ಪುಸ್ತಕ ತರುವುದೇ! ನನಗೆ ನಗು ಬಂತು. ಆದರೂ ಹೆಂಗಸಿನ ಮಾತು ತೆಗೆದುಹಾಕುವುದು ಹೇಗೆಂದು, ಮದ್ದೂರಿನ ನಮ್ಮ ನಿಲಯದಲ್ಲೇ ಸಂತೆಯ ದಿನ ಸೇರುವುದೆಂದು ಒಪ್ಪಿದೆ.

ಆ ಸಭೆ ಎಷ್ಟು ಹೊತ್ತು ನಡೆಯಿತು ಗೊತ್ತೆ? ಚಾಪೆ ಹಾಸಿ ಕೂರುವಷ್ಟು ಹೊತ್ತು. ನಮ್ಮ ಸೀಮೆಯಲ್ಲಿ ನಾಲ್ಕು ಜನ ಸೇರಿದರೆ ಮೊದಲ ವೀಳ್ಯ ಯಾರಿಗೆ ಸಲ್ಲುತ್ತದೋ ಅವರೇ ಯಜಮಾನರು, ಮುಂದಿನ ಮಾತೆಲ್ಲ ಅವರದೇ. ನಿಲಯದ ಅಡುಗೆಯ ಹೊನ್ನಯ್ಯ ತಟ್ಟೆ ಹಿಡಿದುಕೊಂಡು ಬಂದು ನಿಂತ.

"ಮೊದಲ್ನೇ ಈಳ್ಯ ಯಾರ್ಗೆ ಕೊಡ್ಲಿ?"

"ಇಲ್ಲಿ ಕೊಡಪ್ಪ. ಮಂಡ್ಯ ಜಿಲ್ಲೆಗೇ ದೊಡ್ಡೂರು," ಎಂದು ಪುಟ್ಟರಾಜು ಕೈಚಾಚಿದ.

"ಚಾಪೆ ನಂದು, ಎಲೆಯಡಿಕೆ ನಂದು, ವಯಸ್ಸಲ್ಲೂ ನಾನೇ ದೊಡ್ಡೋನು. ನೀನ್ಯಾವೋನ್ಲಾ?" ಎಂದು ನಾನೂ ಕೈಹಾಕಿದೆ.

ಇಬ್ಬರ ಎಳೆದಾಟದಲ್ಲಿ ತಟ್ಟೆ ಮಗುಚಿ, ಅಡಿಕೆ ಚೂರು ಮೂಲೆಮೂಲೆಗೆ ಹಾರಿತು. ಪುಟ್ಟರಾಜು ಕೋಟು ಕೊಡವಿಕೊಂಡು ಸ್ಟೇಷನ್ನಿನ ಕಡೆ ನಡೆದೇಬಿಟ್ಟ. ಹೊನ್ನಯ್ಯ ತಲೆ ಚಚ್ಚಿಕೊಂಡು ಒಳಗೆ ಹೋದ. ಹೊಂಬಾಳಮ್ಮ ಮಾತ್ರ ನೆಲದ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಆಯ್ದು, ಸೆರಗಿನಲ್ಲಿ ಒರೆಸಿ, ತಟ್ಟೆಗೆ ಜೋಡಿಸುತ್ತಿದ್ದರು.

"ನಿಮಗಿಬ್ಬರಿಗೂ ಹೊತ್ತಿದೆ ಶಿವಯ್ಯನೋರೇ, ಜಗಳ ಆಡ್ತೀರಿ. ನನಗೆ ಹೊತ್ತಿಲ್ಲ," ಎಂದರು ತಲೆ ಎತ್ತದೆ. "ಹತ್ತೊಂಬತ್ತು ಹುಡುಗೀರು ಒಂದು ಬೆಲ್ಲದ ಮಳಿಗೇಲಿ ಕೂತು ಓದ್ತಿದ್ದಾರೆ. ಮಳಿಗೆಯೋರು ಯುಗಾದಿಗೆ ಬಿಡಿ ಅಂದಿದ್ದಾರೆ. ಯುಗಾದಿ ಕಳೆದು ಒಂದು ವಾರಕ್ಕೆ ಇನ್‌ಸ್ಪೆಕ್ಟರು ಬರ್ತಾರೆ. ಕ್ಲಾಸಿಗೆ ಅಂತಲೇ ಒಂದು ಸೂರು ತೋರಿಸದಿದ್ರೆ ಮುಚ್ಚಿಬಿಡ್ತಾರೆ. ಒಮ್ಮೆ ಮುಚ್ಚಿದರೆ ಆ ಹುಡುಗೀರನ್ನ ಮತ್ತೆ ಯಾರೂ ಕಳಿಸಲ್ಲ. ಮಳವಳ್ಳೀಲಿ ಖಾಲಿ ಮನೆ ಯಾವುದಾದರೂ ನಿಮಗೆ ಗೊತ್ತಾ?"

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ನನ್ನ ಪುಸ್ತಕದ ನಡುಪುಟದಲ್ಲಿತ್ತು: ‘ಪೂರಿಗಾಲಿಯ ಹುಚ್ಚೀರಯ್ಯ. ಮಳವಳ್ಳಿ ಪೇಟೆಯಲ್ಲಿ ಹೆಂಚಿನ ಮನೆ, ಹನ್ನೊಂದು ವರ್ಷದಿಂದ ಬೀಗ. ಐದು ಸಲ ಹೋದೆ. ಐದು ಸಲವೂ, ಮುಂದಿನ ಸುಗ್ಗಿಗೆ ನೋಡೋಣ ಎಂದ. ಜಿಪುಣ.’ ಆ ಮನೆ ಸಿಕ್ಕರೆ ಮಳವಳ್ಳಿಯಲ್ಲಿ ನಿಲಯದ ಶಾಖೆ ತೆರೆದು ನನ್ನನ್ನೇ ಅದರ ಮೇಲ್ವಿಚಾರಕನನ್ನಾಗಿ ಮಾಡುವುದಾಗಿ ನಮ್ಮ ಸಮಿತಿಯವರು ಹೇಳಿದ್ದರು. ಊರೂರು ಅಲೆಯುವುದು ತಪ್ಪುತ್ತಿತ್ತು.

"ಇಲ್ಲ ಕಣಮ್ಮ," ಎಂದೆ. ಕೈ ತಾನಾಗಿ ಒಳಜೇಬನ್ನು ಮುಟ್ಟಿಕೊಂಡಿತು. ಹೊಂಬಾಳಮ್ಮ ಅದನ್ನು ನೋಡಿ, ಮತ್ತೆ ಎಲೆ ಜೋಡಿಸತೊಡಗಿದರು. ಬೈದಿದ್ದರೆ ವಾಸಿಯಾಗಿತ್ತು.

ನಾಲ್ಕು ದಿನ ಕಳೆದು, ಯಾರಿಗೂ ಹೇಳದೆ ಪೂರಿಗಾಲಿಗೆ ಆರನೆಯ ಸಲ ಹೋದೆ. ಹುಚ್ಚೀರಯ್ಯನವರು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದರು, ಮೀಸೆ ತೀಡಿದರು, "ಮುಂದಿನ ಸುಗ್ಗಿ ಆಗ್ಲಿ ಬುಡಿ, ನೋಡನ," ಎಂದರು. ಬಂದ ದಾರಿಗೆ ಸುಂಕವಿಲ್ಲವೆಂದು ಎದ್ದು ಮಳವಳ್ಳಿಗೆ ಬಂದೆ. ಮದ್ದೂರಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಸುಮ್ಮನೆ ನಿಲ್ಲಲಾರದೆ ಪೇಟೆಯಲ್ಲಿ ನಡೆದೆ. ಬೆಲ್ಲದ ಮಳಿಗೆ ಎದುರಾಯಿತು.

ಅರ್ಧ ಮಳಿಗೆಯ ತುಂಬ ಬೆಲ್ಲದ ಅಚ್ಚುಗಳ ಮೂಟೆ. ಉಳಿದರ್ಧದಲ್ಲಿ ಹುಡುಗಿಯರು ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದರು. ಬರೆಯುವ ಮೊದಲು ಪ್ರತಿಯೊಬ್ಬಳೂ ಸ್ಲೇಟಿನ ಮೇಲಿನ ಇರುವೆಗಳನ್ನು ಊದುತ್ತಿದ್ದಳು. ಮೂಟೆ ಇಳಿಸುವ ಆಳುಗಳಿಗೆ ತೊಂದರೆಯಾಗದಿರಲೆಂದು ಪಾಠವೆಲ್ಲ ಪಿಸುಮಾತಿನಲ್ಲಿ. ಹತ್ತೊಂಬತ್ತು ಮಕ್ಕಳು ಮಗ್ಗಿಯನ್ನು ಪಿಸುಗುಟ್ಟುವುದನ್ನು ನೀವು ಕೇಳಿದ್ದೀರಾ? ನನಗೆ ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೊಂಬಾಳಮ್ಮ ಹೊರಗೆ ಬಂದಾಗ ಪುಸ್ತಕ ತೆಗೆದು ಆ ಪುಟವನ್ನು ಬಿಡಿಸಿ ಅವರ ಕೈಗೆ ಕೊಟ್ಟೆ. "ಅವತ್ತು ಸುಳ್ಳು ಹೇಳಿದೆ," ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಪುಟವನ್ನು ಓದಿದರು. ಹಿಂದಿನ ಪುಟ ತಿರುವಿದರು, ಮುಂದಿನದನ್ನೂ ತಿರುವಿದರು.

"ಎಲ್ಲ ಜಗಲಿದೇ ಇದೆಯಲ್ಲ," ಎಂದರು. "ಒಳಗೆ ಯಾರಿದ್ದಾರೆ?"

"ಒಳಗೆ ಅಂದ್ರೆ?"

"ಮನೆ ಒಳಗೆ. ಹುಚ್ಚೀರಯ್ಯನೋರ ಹೆಂಡತಿ, ತಾಯಿ, ಯಾರಾದರೂ. ಎಂಟು ವರ್ಷದಲ್ಲಿ ಒಂದು ಹೆಂಗಸಿನ ಹೆಸರೂ ಬರೆದಿಲ್ಲ ನೀವು."

ಮಜ್ಜಿಗೆ ಯಾರು ಕಳಿಸುತ್ತಾರೆಂದು ನಾನು ಒಂದು ದಿನವೂ ಯೋಚಿಸಿದವನಲ್ಲ.

ಮರುದಿನ ಇಬ್ಬರೂ ಪೂರಿಗಾಲಿಗೆ ಹೋದೆವು. ನಾನು ಅಭ್ಯಾಸದಂತೆ ಜಗಲಿಗೆ. ಹೊಂಬಾಳಮ್ಮ ಹಿತ್ತಿಲ ದಾರಿ ಹಿಡಿದು ಹೋದರು. ಹುಚ್ಚೀರಯ್ಯನವರು ನನ್ನ ಜೊತೆ ನಾಲೆ ನೀರಿನ ಮಾತಾಡುತ್ತಿದ್ದರೂ ಅವರ ಕಣ್ಣೆಲ್ಲ ಒಳಬಾಗಿಲ ಮೇಲಿತ್ತು. ಬಹಳ ಹೊತ್ತಾದ ಮೇಲೆ ನನ್ನನ್ನೂ ಒಳಗೆ ಕರೆದರು. ಒಳಗೆ ರಾಗಿ ಕೇರುತ್ತ ಕೂತಿದ್ದ ಮುದುಕಿ ಅವರ ತಾಯಿ, ಹೆಸರು ದೊಡ್ಡಮ್ಮ.

"ಕೂತ್ಕಳಯ್ಯ. ಆರು ಸಲ ನನ್ ಮಜ್ಗೆ ಕುಡ್ದಿದ್ದೀಯೆ, ಮೊಕ ನೋಡಿದ್ದು ಇವತ್ತು," ಎಂದಳು ಮುದುಕಿ. ನಾನು ಕೂತೆ.

ವಿಷಯ ಇಷ್ಟು. ಮಳವಳ್ಳಿಯ ಮನೆ ಹುಚ್ಚೀರಯ್ಯನವರದಲ್ಲ. ದೊಡ್ಡಮ್ಮ ತನ್ನ ತವರಿನ ಗದ್ದೆ ಮಾರಿ, ಮಗಳು ಪಟ್ಟಲಮ್ಮನ ಮದುವೆಯಲ್ಲಿ ಅವಳಿಗಾಗಿ ಕೊಂಡ ಮನೆ. ಪಟ್ಟಲಮ್ಮ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅಳಿಯ ಬೇರೆ ಮದುವೆಯಾಗಿ ಊರು ಬಿಟ್ಟ. ಅಂದು ಹಾಕಿದ ಬೀಗದ ಕೈ ಮುದುಕಿಯ ಸೊಂಟದಲ್ಲಿ. ನಮ್ಮ ಯಜಮಾನರಿಗೆ, ‘ನನ್ನ ಅವ್ವ ಒಪ್ಪುವುದಿಲ್ಲ, ಆ ಮನೆಯ ಮಾತು ನನ್ನದಲ್ಲ’ ಎಂದು ಜಗಲಿಯ ಮೇಲೆ ಕೂತು ಹೇಳಲು ಮೀಸೆ ಅಡ್ಡ ಬಂದಿತ್ತು. ನಾನು ಅವರನ್ನು ಜಿಪುಣನೆಂದು ಬರೆದುಕೊಂಡಿದ್ದೆ.

ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟಳು.

"ಏನವ್ವಾ ಮೇಷ್ಟ್ರಮ್ಮ, ನಿನ್ ಮಕ್ಳು ಗಲಾಟೆ ಮಾಡ್ತಾವಾ?"

ದಾನ ಕೇಳುವ ನನ್ನ ಜಾಣತನವೆಲ್ಲ, ‘ಇಲ್ಲ ಅನ್ನಮ್ಮ, ಇಲ್ಲ ಅನ್ನು’ ಎಂದು ಒಳಗೇ ಕೂಗುತ್ತಿತ್ತು.

"ಈಗ ಮಾಡಲ್ಲ ದೊಡ್ಡಮ್ಮ. ಮಳಿಗೆಯೋರು ಬೈತಾರೆ ಅಂತ ಬಾಯಿ ಕಟ್ಟಿ ಕೂರಿಸಿದ್ದೀನಿ. ಸ್ವಂತ ಮನೆ ಆದರೆ ಮಾಡೇ ಮಾಡ್ತಾರೆ. ಮಕ್ಕಳಲ್ಲವಾ," ಎಂದರು ಹೊಂಬಾಳಮ್ಮ.

ಮುದುಕಿ ಸೊಂಟಕ್ಕೆ ಕೈಹಾಕಿ ಬೀಗದ ಕೈ ಬಿಚ್ಚಲು ಹೋದಳು. ಗಂಟು ಹಳೆಯದು, ಬೇಗ ಬಿಚ್ಚಿಕೊಳ್ಳಲಿಲ್ಲ. ಹುಚ್ಚೀರಯ್ಯನವರೇ ಬಾಗಿ ನಿಂತು ಬಿಡಿಸಿಕೊಟ್ಟರು.

"ಅನ್ನೊಂದು ವರ್ಸ ಆಯ್ತು ಕಣವ್ವ, ಆ ಮನೇಲಿ ಸದ್ದೇ ಇಲ್ಲ. ನನ್ ಪಟ್ಟಲಮ್ಮ ಬಾಯಾಳಿ. ಬೀದಿ ಕೊನೇಗಂಟ ಕೇಳ್ಸೋದು ಅವಳ್ ಮಾತು. ತಕ ಓಗು, ಬೀಗ ತೆಗಿ."

ಅಳಬಾರದೆಂದುಕೊಂಡರೂ ನನಗೆ ಅಳು ಬಂತು. ಮೇಲ್ವಿಚಾರಕನ ಕೆಲಸ ಆ ಕೀಲಿಕೈಯ ಜೊತೆಗೇ ಹೋಯಿತೆಂದು ಗೊತ್ತಿತ್ತು. ಆದರೂ ಅಳು ಅದಕ್ಕಾಗಿ ಬಂದದ್ದಲ್ಲ.

ಮನೆಗೆ ಬಂದು ನಡೆದದ್ದನ್ನೆಲ್ಲ ಮಹದೇವಮ್ಮನಿಗೆ ಹೇಳಿದೆ. ಅವಳು ಪೂರಿಗಾಲಿಯ ಪಕ್ಕದ ಹಳ್ಳಿಯವಳು. ಸೊಪ್ಪು ಬಿಡಿಸುತ್ತಲೇ ಕೇಳಿದಳು.

"ಅದೇನು ಒಸ ಸುದ್ದಿನಾ? ನಮ್ ಕಡೇಲಿ ಎಲ್ರಿಗೂ ಗೊತ್ತು. ಪಟ್ಟಲಕ್ಕನ ಮದ್ವೇಲಿ ನಾನು ಸೋಬಾನೆ ಹೇಳಿದ್ದೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ," ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ.

ಯುಗಾದಿಗೆ ಮೊದಲು ಹುಡುಗಿಯರೇ ಮನೆ ಸಾರಿಸಿ ರಂಗೋಲಿ ಹಾಕಿದರು. ಇನ್‌ಸ್ಪೆಕ್ಟರು ಬಂದರು, ಕೋಣೆಗಳನ್ನು ಹೆಜ್ಜೆಯಲ್ಲಿ ಅಳೆದರು, ಕಿಟಕಿ ಎಣಿಸಿದರು, ಕ್ಲಾಸು ಮುಂದುವರಿಯಲಿ ಎಂದು ರುಜು ಹಾಕಿದರು. ಕಲ್ಲಿನಲ್ಲಿ ಯಾರ ಹೆಸರು ಕೆತ್ತಿಸೋಣವೆಂದು ನಾನು ಕೇಳಿದಾಗ ದೊಡ್ಡಮ್ಮ, "ಕಲ್ಲೂ ಬ್ಯಾಡ, ಗಿಲ್ಲೂ ಬ್ಯಾಡ. ಪಟ್ಟಲಮ್ಮನ ಮನೆ ಅಂತ ಕರೀರಿ, ಸಾಕು," ಎಂದಳು.

ಮುಂದಿನ ವಾರ ಅದೇ ಮನೆಯ ಪಡಸಾಲೆಯಲ್ಲಿ ನಾವು ಎರಡನೆಯ ಸಭೆ ಕರೆದೆವು. ಪುಟ್ಟರಾಜುವನ್ನು ಕರೆತರಲು ನಾನೇ ಮಂಡ್ಯಕ್ಕೆ ಹೋಗಿ, ಅವತ್ತು ತಟ್ಟೆ ಎಳೆದದ್ದು ತಪ್ಪಾಯಿತೆಂದೆ. "ನಾನೂ ಎಳದೆ ಬುಡಿ ಅಣ್ಣಾ," ಎಂದು ಬಂದ. ಮಹದೇವಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಗೋಡೆಗೊರಗಿ ಕೂತಿದ್ದಳು. ಹೊನ್ನಯ್ಯ ಹಠ ಹಿಡಿದು ಮದ್ದೂರಿನಿಂದ ಬಸ್ಸಿನಲ್ಲಿ ಎಲೆಯಡಿಕೆ ಹೊತ್ತು ತಂದಿದ್ದ. ಈ ಸಲ ಅವನು ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಹೊಂಬಾಳಮ್ಮನ ಮುಂದೆ ತಟ್ಟೆ ಹಿಡಿದ. ಪುಟ್ಟರಾಜು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರ ಕೈಗಳೂ ತೊಡೆಯ ಮೇಲೇ ಇದ್ದವು.

ಹೊಂಬಾಳಮ್ಮ ವೀಳ್ಯ ತೆಗೆದುಕೊಂಡು, "ಈಗ ಪುಸ್ತಕ ತೆಗೀರಿ," ಎಂದರು.

ತೆಗೆದೆವು. ಕೆಂಪು ಪುಸ್ತಕ, ದಪ್ಪ ಪುಸ್ತಕ, ಎರಡೂ ಚಾಪೆಯ ಮೇಲೆ. ಯಾವ ಊರಿಗೆ ಯಾರು ಯಾವಾಗ ಹೋಗುವುದು, ಯಾರಲ್ಲಿ ಭತ್ತ, ಯಾರಲ್ಲಿ ತೊಲೆ ಕೇಳುವುದು, ಎಲ್ಲವೂ ಹಂಚಿಕೆಯಾಯಿತು. ಮೊದಲ ಊರು ಕೊಪ್ಪ. ನನ್ನ ಪುಟವನ್ನು ನಾನು ಗಟ್ಟಿಯಾಗಿ ಓದಿದೆ: ಎತ್ತುಗಳನ್ನು ಹೊಗಳಿಯೇ ಶುರು ಮಾಡಬೇಕು.

ಮಹದೇವಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅಯ್ಯೋ, ಆ ಎತ್ತು ಅವರ ಎಂಡ್ತಿ ಸಣ್ಣತಾಯಮ್ಮನ ತೌರಿನವು. ಮಾವನ ಮನೇವು ಅಂತ ರಾಮಲಿಂಗಯ್ಯನೋರಿಗೆ ಮೊದ್ಲೇ ಉರಿ. ಎಂಟು ವರ್ಸ ಅದ್ನೇ ಒಗಳಿದ್ದೀರಾ?"

ಪುಟ್ಟರಾಜು ಬಿದ್ದು ಬಿದ್ದು ನಕ್ಕ. ನಾನು ಏನೋ ಹೇಳಲು ಹೋದೆ, ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಹುಡುಗಿಯರು ಹದಿನಾರರ ಮಗ್ಗಿ ಶುರು ಮಾಡಿದರು. ಪಿಸುಮಾತಲ್ಲ, ಹೆಂಚು ಹಾರುವ ಹಾಗೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಹೊಂಬಾಳಮ್ಮ ಗದರಿಸಲೆಂದು ಎದ್ದರು.

ಗೋಡೆಗೊರಗಿದ್ದ ದೊಡ್ಡಮ್ಮ ಅವರ ಸೆರಗು ಹಿಡಿದು ಕೂರಿಸಿದಳು. "ಕೂಗ್ಲಿ ಬುಡವ್ವ. ನೀವೇ ವಸಿ ಜೋರಾಗಿ ಮಾತಾಡ್ಕಳಿ."

ಹಾಗೆಯೇ ಮಾಡಿದೆವು. ನಾನು ಸಣ್ಣತಾಯಮ್ಮನ ಹೆಸರನ್ನು ಕೊಪ್ಪದ ಪುಟದ ಮೇಲ್ಗಡೆ ಬರೆದುಕೊಂಡು, "ಮುಂದಿನ ಊರು ಹೇಳು ಮಹದೇವಮ್ಮಾ," ಎಂದು ಕೂಗಿ ಕೇಳಿದೆ.