ಆಫೀಸರ್ ಕುಡಿದರೆ

ಕೆ.ಆರ್. ಪುರದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಸ್ಟೆನೊ ಆಗಿದ್ದ ಯಮುನಾಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

೧೯೯೬ರ ಬೆಳ್ಳಿಹಬ್ಬದ ಊಟದಲ್ಲಿ ಬಿಯರ್ ಧಾರಾಳವಾಗಿ ಹರಿದಿತ್ತು. ಮಧ್ಯಾಹ್ನ ಮೂರಕ್ಕೆ ಸೇಲ್ಸ್ ಅಧಿಕಾರಿ ಜಗನ್ ಕಾರು ಹಿಂದಕ್ಕೆ ತೆಗೆಯುತ್ತ, ಗುಲಾಬಿ ಪಾತಿಯ ಬಳಿ ಕೂತಿದ್ದ ಮಾಲಿ ಮುನಿಆಂಜನಪ್ಪನ ಕಾಲ ಮೇಲೆ ಹತ್ತಿಸಿಬಿಟ್ಟ. ಮುದುಕನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದವಳು ಯಮುನಾ. ಅವನ ಬಾಯಲ್ಲಿ ಎಲೆಯಡಿಕೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ.

ತಿಂಗಳ ಮೇಲೆ ಮ್ಯಾನೇಜರ್ ಶ್ರೀನಿವಾಸ್ ಇಂಗ್ಲಿಷಿನಲ್ಲಿ ವರದಿ ಹೇಳಿ ಬರೆಸಿದರು. ಜಗನ್ ‘ಸ್ಲೈಟ್ಲಿ ಟಿಪ್ಸಿ’. ಮಾಲಿ ‘ಡೆಡ್ ಡ್ರಂಕ್’.

ಯಮುನಾಳ ಪೆನ್ಸಿಲ್ ನಿಂತಿತು. “ಸಾರ್, ಮುನಿಆಂಜನಪ್ಪ ಕುಡಿದಿರ್ಲಿಲ್ಲ. ಕುಡಿದಿದ್ದು ಜಗನ್ ಸಾರ್.”

“ಅದಕ್ಕೇ ಟಿಪ್ಸಿ ಅಂತ ಹಾಕಿದೀವಲ್ರೀ. ಸ್ವಲ್ಪ ಖುಷಿಯಾಗಿದ್ರು, ಅಷ್ಟೇ. ನೀವು ಟೈಪ್ ಮಾಡಿ ಸಾಕು.”

ಕಾಗದ ತೂತಾಗುವಂತೆ ಕುಟ್ಟಿದಳು.

ಮರುದಿನ ವಿಚಾರಣೆ. ಊರುಗೋಲು ಹಿಡಿದು ಬಂದ ಮುನಿಆಂಜನಪ್ಪನ ಮುಂದಕ್ಕೆ ಶ್ರೀನಿವಾಸ್ ಆ ವರದಿಯನ್ನೂ ಹೆಬ್ಬೆಟ್ಟಿನ ಶಾಯಿಯನ್ನೂ ತಳ್ಳಿದರು.

“ಇದ್ರಲ್ಲಿ ಏನ್ ಬರ್ದವ್ರಮ್ಮ?” ಮುದುಕ ಯಮುನಾಳನ್ನು ಕೇಳಿದ.

“ಆಕ್ಸಿಡೆಂಟ್ ಆಯ್ತು ಅಂತ, ಇನ್ನೇನು?” ಎಂದರು ಶ್ರೀನಿವಾಸ್.

ಯಮುನಾ ಎದ್ದು ಕಾಗದ ಕೈಗೆತ್ತಿಕೊಂಡಳು. “ನೀವು ಕಂಠಪೂರ್ತಿ ಕುಡಿದು, ಎಚ್ಚರ ಇಲ್ದೆ ಕಾರಿನ ಹಿಂದೆ ಬಿದ್ದಿದ್ರಿ ಅಂತ ಬರೆದಿದಾರೆ. ಹೆಬ್ಬೆಟ್ಟು ಒತ್ತಿದ್ರೆ ಒಪ್ಪಿಕೊಂಡ ಹಾಗೆ. ಕೆಲಸ ಹೋಗತ್ತೆ.”

“ಕಾರ್ ಓಡ್ಸಿದ್ರಲ್ಲ, ಅವ್ರು?”

“ಅವರು ಟಿಪ್ಸಿ.”

“ಅಂಗಂದ್ರೆ?”

“ಕುಡಿದಿದ್ರು ಅಂತ. ಆಫೀಸರ್ ಕುಡಿದ್ರೆ ಇಂಗ್ಲಿಷಲ್ಲಿ ಹಂಗಂತಾರೆ.”

ಮೂಲೆಯಲ್ಲಿ ಕೂತಿದ್ದ ಜಗನ್ ಕುರ್ಚಿ ತಳ್ಳಿ ಎದ್ದ. “ಮೈಂಡ್ ಯುವರ್ ಲ್ಯಾಂಗ್ವೇಜ್!”

“ನನ್ನ ಲ್ಯಾಂಗ್ವೇಜಲ್ಲೇ ಹೇಳ್ದೆ ಸಾರ್. ಬೇಕಾದ್ರೆ ಲೇಬರ್ ಆಫೀಸಲ್ಲೂ ಹೇಳ್ತೀನಿ.”

ಮುನಿಆಂಜನಪ್ಪ ಶಾಯಿಯನ್ನು ಹಿಂದಕ್ಕೆ ನೂಕಿದ. “ನಿಮ್ ಕಂಪನಿ ನಿಂತಿರೋದು ನಮ್ಮಪ್ಪ ರಾಗಿ ಬೆಳ್ದ ಹೊಲ್ದಾಗೆ ಸ್ವಾಮಿ. ಕಾಲು ಹೋಯ್ತು, ಹೋಗ್ಲಿ. ಕುಡುಕ ಅನ್ನಿಸ್ಕೊಂಡು ಇಲ್ಲಿಂದ ಹೋಗಾಕಿಲ್ಲ.”

ಅವನ ಕೆಲಸ ಉಳಿಯಿತು. ಸೋಮವಾರ ಯಮುನಾಳನ್ನು ಗೋದಾಮಿಗೆ ಎತ್ತಿಹಾಕಿದರು. ವರದಿಯಲ್ಲಿ ಮಾಲಿಯ ಮೇಲಿನ ಸಾಲನ್ನು ಹೊಡೆದುಹಾಕಿದರು. ಜಗನ್ ಮಾತ್ರ ಈಗ ಟಿಪ್ಸಿಯೂ ಅಲ್ಲ, ‘ಇಂಡಿಸ್ಪೋಸ್ಡ್’. ಅಂದರೆ ಮೈ ಸರಿಯಿರಲಿಲ್ಲವಂತೆ.